ಹೆನ್ರಿ ಹೋದ ಮೇಲೂ 'ಮ್ಯಾಶ್' ನೋಡಬೇಕಾ?

ಪ್ರಶ್ನೆ: ಮಗಳ ಮನೆಗೆ ಅಂತ ನ್ಯೂಜೆರ್ಸಿಗೆ ಬಂದಿದ್ದೇವೆ. ಹೊರಗೆ ಚಳಿ, ಮನೆಯಲ್ಲಿ ಹೊತ್ತು ಹೋಗುವುದಿಲ್ಲ. ಅಳಿಯಂದಿರು 'ಮ್ಯಾಶ್' ಅನ್ನೋ ಹಳೇ ಅಮೆರಿಕನ್ ಕಾಮಿಡಿ ಸೀರಿಯಲ್ ಹಾಕಿಕೊಟ್ಟರು. ಕೊರಿಯಾ ಯುದ್ಧದ ಡೇರೆ ಆಸ್ಪತ್ರೆಯ ಕಥೆ. ನಾನೂ ನಮ್ಮ ಯಜಮಾನರೂ ಮೂರು ಸೀಸನ್ ಮುಗಿಸಿದೆವು. ಮೂರನೆಯದರ ಕೊನೆಯಲ್ಲಿ ಆಸ್ಪತ್ರೆಯ ಮುಖ್ಯಸ್ಥ ಕರ್ನಲ್ ಹೆನ್ರಿ ಸತ್ತೇಹೋದ! ನಾಲ್ಕನೇ ಸೀಸನ್ ಹಾಕಿದರೆ ಇನ್ನೊಬ್ಬ ಸರ್ಜನ್ ಟ್ರ್ಯಾಪರ್ ಕೂಡ ಇಲ್ಲ. ಮುಂದೆ ಇನ್ನೂ ಕೆಲವರು ಹೋಗುತ್ತಾರಂತೆ. "ಇಲ್ಲಿಗೇ ನಿಲ್ಲಿಸಿಬಿಡಿ, ಆಮೇಲೆ ಬರೀ ಉಪದೇಶ" ಅನ್ನುತ್ತಾಳೆ ಮಗಳು. "ಚೆನ್ನಾಗಿರೋದೇ ಇನ್ನುಮುಂದೆ" ಅನ್ನುತ್ತಾರೆ ಅಳಿಯ. ಯಾರ ಮಾತು ಕೇಳೋಣ? ಇಷ್ಟು ಜನ ಬಿಟ್ಟುಹೋದರೂ ಅದು ಹನ್ನೊಂದು ಸೀಸನ್ ಹೇಗೆ ನಡೆಯಿತು? ಇನ್ನೊಂದು ಮಾತು, ಯುದ್ಧ ಇಟ್ಟುಕೊಂಡು ನಗೋದು ಸರೀನಾ?

ಉತ್ತರ: ನಿಲ್ಲಿಸಬೇಡಿ. ಇನ್ನೆರಡು ಸೀಸನ್ ಅಂತೂ ಯೋಚನೆ ಮಾಡದೆ ನೋಡಿ. ನನ್ನನ್ನು ಕೇಳಿದರೆ ನಾಲ್ಕು ಮತ್ತು ಐದನೇ ಸೀಸನ್ನುಗಳೇ ಇಡೀ ಸೀರಿಯಲ್‌ನಲ್ಲಿ ಎಲ್ಲಕ್ಕಿಂತ ಚೆನ್ನ. ಮಗಳು ಹೇಳುವ ಉಪದೇಶದ ಕಾಟ ಇಲ್ಲ ಅನ್ನೋದಿಲ್ಲ, ಆದರೆ ಅದು ಬರೋದು ತಡವಾಗಿ. ಅದಕ್ಕೆ ಹೆನ್ರಿ, ಟ್ರ್ಯಾಪರ್ ಹೋಗಿದ್ದು ಕಾರಣವೂ ಅಲ್ಲ. ತೆರೆಯ ಹಿಂದಿನಿಂದ ಯಾರು ಎದ್ದುಹೋದರು ಅಂತ ನೋಡಬೇಕು. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ನಿಮ್ಮ ಕೊನೆಯ ಪ್ರಶ್ನೆ. 'ಮ್ಯಾಶ್' ಸಿಬಿಎಸ್ ಚಾನೆಲ್‌ನಲ್ಲಿ ಶುರುವಾಗಿದ್ದು 1972ರ ಸೆಪ್ಟೆಂಬರ್ 17ರಂದು. ಆಗ ವಿಯೆಟ್ನಾಂ ಯುದ್ಧ ಇನ್ನೂ ಮುಗಿದಿರಲಿಲ್ಲ. ಕಥೆ ನಡೆಯೋದು 1950ರಿಂದ 1953ರವರೆಗಿನ ಕೊರಿಯಾದಲ್ಲಿ. ಆದರೆ ಮಾತು ಯಾವ ಯುದ್ಧದ್ದು ಅಂತ ನೋಡುವವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಮೂಲ ಕಾದಂಬರಿ 1968ರದು. ರಿಚರ್ಡ್ ಹೂಕರ್ ಅನ್ನೋ ಹೆಸರಿನಲ್ಲಿ ಅದನ್ನು ಬರೆದವರು ಎಚ್. ರಿಚರ್ಡ್ ಹಾರ್ನ್‌ಬರ್ಗರ್. ಕೊರಿಯಾದ ಇಂಥದೇ ಆಸ್ಪತ್ರೆಯಲ್ಲಿ ಗಾಯಾಳುಗಳನ್ನು ಕೊಯ್ದು ಹೊಲಿದ ಸರ್ಜನ್. 1970ರಲ್ಲಿ ರಾಬರ್ಟ್ ಆಲ್ಟ್‌ಮನ್ ಅದನ್ನು ಸಿನಿಮಾ ಮಾಡಿದರು. ಟೀವಿಗೆ ತಂದವರು ಬರಹಗಾರ ಲ್ಯಾರಿ ಗೆಲ್‌ಬಾರ್ಟ್ ಮತ್ತು ನಿರ್ಮಾಪಕ ಜೀನ್ ರೆನಾಲ್ಡ್ಸ್. ಗೆಲ್‌ಬಾರ್ಟ್ ಕೂಡ ಯುದ್ಧದ ಹೊತ್ತಿನಲ್ಲೇ ಕೊರಿಯಾಕ್ಕೆ ಹೋಗಿಬಂದವರು. ಸೈನಿಕರನ್ನು ನಗಿಸಲು ಹೊರಟಿದ್ದ ಹಾಸ್ಯನಟ ಬಾಬ್ ಹೋಪ್ ಅವರ ಜೊತೆ, ಜೋಕು ಬರೆದುಕೊಡುವ ಕೆಲಸದ ಮೇಲೆ. ತಮಾಷೆ ಏನಪ್ಪಾ ಅಂದ್ರೆ, ಕಾದಂಬರಿ ಬರೆದ ಹಾರ್ನ್‌ಬರ್ಗರ್ ಅವರಿಗೇ ಟೀವಿಯ ಹಾಕ್‌ಐ, ಅಂದ್ರೆ ಕಥಾನಾಯಕನಾದ ಸರ್ಜನ್, ಹಿಡಿಸಲಿಲ್ಲ. ಅವನು ಯುದ್ಧದ ವಿರುದ್ಧ ಜಾಸ್ತಿ ಮಾತಾಡುತ್ತಾನೆ ಅನ್ನೋದು ಅವರ ತಕರಾರು.

ಇಲ್ಲಿ ಯಾರನ್ನು ನೋಡಿ ನಗುತ್ತೇವೆ ಅಂತ ಗಮನಿಸಿ. ಜನರಲ್‌ಗಳನ್ನು ನೋಡಿ, ಮೂರು ಮೂರು ಪ್ರತಿ ಬರೆಯಬೇಕಾದ ಫಾರಂಗಳನ್ನು ನೋಡಿ, ದೇಶಭಕ್ತಿಯ ಹೆಸರಲ್ಲಿ ಪೆದ್ದುತನ ಮಾಡುವ ಸರ್ಜನ್ ಫ್ರ್ಯಾಂಕ್ ಬರ್ನ್ಸ್‌ನನ್ನು ನೋಡಿ. ಸ್ಟ್ರೆಚರ್ ಮೇಲೆ ಬಂದವನನ್ನು ನೋಡಿ ಯಾರೂ ನಗೋದಿಲ್ಲ. ಹಿನ್ನೆಲೆಯಲ್ಲಿ ರೆಕಾರ್ಡ್ ಮಾಡಿದ ನಗು ಕೇಳುತ್ತದಲ್ಲ, ಅದು ಚಾನೆಲ್‌ನವರ ಹಟ. ಗೆಲ್‌ಬಾರ್ಟ್, ರೆನಾಲ್ಡ್ಸ್ ಇಬ್ಬರಿಗೂ ಅದು ಬೇಕಿರಲಿಲ್ಲ. ಕೊನೆಗೆ ರಾಜಿ ಆಯಿತು: ಬೇರೆ ಕಡೆ ನಗು ಇರಲಿ, ಆಪರೇಷನ್ ಡೇರೆಯೊಳಗೆ ಬೇಡ. ಮತ್ತೆ ಒಂದು ಕಂತು ಹಾಕಿ ಕಿವಿಗೊಟ್ಟು ಕೇಳಿ. ಮೆಸ್‌ನಲ್ಲಿ ಹಾಕ್‌ಐ ಜೋಕು ಹೊಡೆದಾಗ ಹೋ ಅಂತ ನಗು ಬರುತ್ತದೆ. ಅದೇ ಹಾಕ್‌ಐ ಮಾಸ್ಕ್ ಹಾಕಿಕೊಂಡು ಅದೇ ಥರದ ಜೋಕು ಹೇಳಿದಾಗ ಸುತ್ತ ಸದ್ದೇ ಇರೋದಿಲ್ಲ. ಅಲ್ಲಿ ಅವನು ನಗಿಸೋಕೆ ಮಾತಾಡುತ್ತಿಲ್ಲ, ಕೈ ನಡುಗಬಾರದು ಅಂತ ಮಾತಾಡುತ್ತಿದ್ದಾನೆ ಅನ್ನೋದು ತಾನಾಗೇ ಗೊತ್ತಾಗುತ್ತದೆ. ಬ್ರಿಟನ್‌ನಲ್ಲಿ ಬಿಬಿಸಿ ಆ ನಗುವನ್ನು ತೆಗೆದೇ ತೋರಿಸುತ್ತಿತ್ತು. ಡಿವಿಡಿ ಸಿಕ್ಕಿದರೆ ಅದರಲ್ಲೂ ನಗು ಆಫ್ ಮಾಡಿ ನೋಡಬಹುದು. ಬೇರೆಯದೇ ಸೀರಿಯಲ್ ನೋಡಿದ ಹಾಗಿರುತ್ತದೆ.

ಕೊರಿಯಾ ಯುದ್ಧ ನಮ್ಮವರಿಗೂ ಪೂರ್ತಿ ಹೊರಗಿನದಲ್ಲ. ಭಾರತದ 60ನೇ ಪ್ಯಾರಾಶೂಟ್ ಫೀಲ್ಡ್ ಆಂಬುಲೆನ್ಸ್ ಅನ್ನೋ ವೈದ್ಯಕೀಯ ತುಕಡಿ ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ಅವರ ನೇತೃತ್ವದಲ್ಲಿ 1950ರ ಕೊನೆಗೆ ಅಲ್ಲಿಗೆ ಹೋಗಿತ್ತು. 1951ರ ಮಾರ್ಚ್‌ನಲ್ಲಿ ಆ ತುಕಡಿಯ ಡಾಕ್ಟರುಗಳು ಅಮೆರಿಕದ ಸೈನಿಕರ ಜೊತೆ ಪ್ಯಾರಾಶೂಟ್ ಕಟ್ಟಿಕೊಂಡು ಮುನ್ಸಾನ್‌ನಲ್ಲಿ ಧುಮುಕಿದರು. ಕದನವಿರಾಮ ಆದ ಮೇಲೆ, ತಮ್ಮ ದೇಶಕ್ಕೆ ವಾಪಸ್ ಹೋಗಲ್ಲ ಅಂದ ಯುದ್ಧಕೈದಿಗಳ ವಿಚಾರ ನೋಡಿಕೊಳ್ಳೋಕೆ ಒಂದು ತಟಸ್ಥ ರಾಷ್ಟ್ರಗಳ ಆಯೋಗ ಮಾಡಿದರು. ಅದರ ಅಧ್ಯಕ್ಷರು ನಮ್ಮ ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯನವರು. ಸೀರಿಯಲ್‌ನಲ್ಲಿ ಕದನವಿರಾಮದ ಮಾತುಕತೆ ಬಗ್ಗೆ ರೇಡಿಯೋ ಒದರುವಾಗಲೆಲ್ಲ ಈ ಕೈದಿಗಳ ತಕರಾರು ಅದರ ಹಿಂದೆ ಇದ್ದೇ ಇತ್ತು.

ಈಗ ಹೆನ್ರಿ ವಿಷಯ.

ನಮ್ಮ ಕನ್ನಡ ಸೀರಿಯಲ್‌ಗಳಲ್ಲಿ ಒಬ್ಬ ನಟಿ ಬಿಟ್ಟುಹೋದರೆ ಏನು ಮಾಡುತ್ತಾರೆ ಅಂತ ನಿಮಗೆ ಗೊತ್ತೇ ಇದೆ. ಅದೇ ಸೊಸೆ, ಅದೇ ಹೆಸರು, ಬೇರೆ ಮುಖ. ಎರಡು ದಿನ ಕಿರಿಕಿರಿ ಆಗುತ್ತದೆ, ಮೂರನೇ ದಿನ ಒಗ್ಗಿಕೊಳ್ಳುತ್ತೇವೆ. 'ಮ್ಯಾಶ್'ನವರು ಹೆನ್ರಿಯಂಥ ಮುಖ್ಯ ಪಾತ್ರಗಳಿಗೆ ಹೀಗೆ ಮಾಡಲಿಲ್ಲ. ಇನ್ನೊಬ್ಬ ಹೆನ್ರಿಯನ್ನು ಹುಡುಕಲಿಲ್ಲ. ಹೋದವನು ಹೋದ ಅಂತ ಒಪ್ಪಿಕೊಂಡರು, ಬಂದವನು ಅವನಿಗೆ ತದ್ವಿರುದ್ಧ ಇರುವ ಹಾಗೆ ನೋಡಿಕೊಂಡರು. ಹನ್ನೊಂದು ಸೀಸನ್ ನಡೆದ ಗುಟ್ಟು ಇದೇ ಅಂತ ನನ್ನ ಲೆಕ್ಕ. ಒಬ್ಬ ಬದಲಾದರೆ ಅವನ ಸುತ್ತ ಇದ್ದವರೆಲ್ಲರ ಸಂಬಂಧವೂ ಬದಲಾಗುತ್ತದೆ. ಬರೆಯುವವರಿಗೆ ಮತ್ತೆ ಮೊದಲಿಂದ ಕಥೆ ಸಿಗುತ್ತದೆ.

ಹೆನ್ರಿ ಬ್ಲೇಕ್ ಪಾತ್ರ ಮಾಡಿದ ಮೆಕ್ಲೀನ್ ಸ್ಟೀವನ್ಸನ್ ಅವರಿಗೆ ಹತ್ತು ಜನರಲ್ಲಿ ಒಬ್ಬನಾಗಿ ಇರೋದು ಸಾಕಾಗಿತ್ತು, ತಮ್ಮದೇ ಸೀರಿಯಲ್ ಬೇಕಿತ್ತು. ಹೊರಟರು. ಅವರನ್ನು ಹೇಗೆ ಕಳಿಸೋದು ಅಂತ ಗೆಲ್‌ಬಾರ್ಟ್ ಮತ್ತು ರೆನಾಲ್ಡ್ಸ್ ಯೋಚಿಸಿದರು. ಯುದ್ಧದ ಕಥೆ ಹೇಳುತ್ತಿದ್ದೇವೆ, ಎಲ್ಲರೂ ಮನೆ ಸೇರುತ್ತಾರೆ ಅಂತ ತೋರಿಸಿದರೆ ಅದು ಸುಳ್ಳಾಗುತ್ತದೆ ಅಂತ ತೀರ್ಮಾನಿಸಿದರು. ಕೊನೆಯ ದೃಶ್ಯದ ಪುಟವನ್ನು ನಟರಿಗೆ ಮುಂಚೆ ಕೊಡಲೇ ಇಲ್ಲ. ಚಿತ್ರೀಕರಣಕ್ಕೆ ಸ್ವಲ್ಪ ಮುಂಚೆ ಕೊಟ್ಟರು.

ಆ ದೃಶ್ಯ ಮತ್ತೊಮ್ಮೆ ನೋಡಿ. ಸೂಟು ಹಾಕಿಕೊಂಡ ಹೆನ್ರಿ ಹೆಲಿಕಾಪ್ಟರ್ ಹತ್ತಿ ಹೋಗಿ ಆಗಿದೆ. ನಮ್ಮ ಮನಸ್ಸಿನಲ್ಲಿ ಕಂತು ಮುಗಿದಿದೆ. ಆಪರೇಷನ್ ಡೇರೆಗೆ ಕ್ಯಾಂಪಿನ ಗುಮಾಸ್ತ ರೇಡಾರ್ ಬರುತ್ತಾನೆ. ಮುಖಕ್ಕೆ ಮಾಸ್ಕ್ ಇಲ್ಲ, ಯಾರೋ ಬೈಯುತ್ತಾರೆ. ಅವನು ಕೈಯಲ್ಲಿದ್ದ ಕಾಗದ ಓದುತ್ತಾನೆ: ಕರ್ನಲ್ ಹೆನ್ರಿ ಬ್ಲೇಕ್ ಇದ್ದ ವಿಮಾನವನ್ನು ಜಪಾನ್ ಸಮುದ್ರದ ಮೇಲೆ ಹೊಡೆದುರುಳಿಸಿದ್ದಾರೆ, ಯಾರೂ ಉಳಿದಿಲ್ಲ. ಅಷ್ಟೇ. ಅಳು, ಭಾಷಣ, ಸಂಗೀತ ಏನೂ ಇಲ್ಲ. ಕ್ಯಾಮೆರಾ ನಿಧಾನವಾಗಿ ಒಬ್ಬೊಬ್ಬರ ಕಣ್ಣಿನ ಮೇಲೆ ಹಾಯುತ್ತದೆ. ಕೈಗಳು ಕೆಲಸ ನಿಲ್ಲಿಸೋದಿಲ್ಲ, ಯಾಕೆಂದರೆ ಮೇಜಿನ ಮೇಲೆ ಮಲಗಿರುವವನಿಗೆ ಹೆನ್ರಿ ಯಾರೋ ಏನೋ. ಎಲ್ಲೋ ಒಂದು ಉಪಕರಣ ಠಣ್ ಅಂತ ನೆಲಕ್ಕೆ ಬೀಳುತ್ತದೆ. ಅದು ಬರೆದಿಟ್ಟಿದ್ದಲ್ಲ. ಆ ದೃಶ್ಯವನ್ನು ಎರಡು ಸಲ ತೆಗೆದರು, ಎರಡನೇ ಸಲ ಯಾರದೋ ಕೈಯಿಂದ ನಿಜವಾಗಿ ಬಿತ್ತು, ಹಾಗೇ ಉಳಿಸಿಕೊಂಡರು.

ಇದು ಪ್ರಸಾರವಾಗಿದ್ದು 1975ರ ಮಾರ್ಚ್ 18ಕ್ಕೆ. ಸೈಗಾನ್ ಬಿದ್ದು ವಿಯೆಟ್ನಾಂ ಯುದ್ಧ ಮುಗಿದಿದ್ದು ಏಪ್ರಿಲ್ 30ಕ್ಕೆ. ಜನ ಸಿಟ್ಟಿನಿಂದ ರಾಶಿ ಕಾಗದ ಬರೆದರು. ಕಾಮಿಡಿಯಲ್ಲಿ ಹೀಗೆ ಮಾಡಬಹುದಾ ಅಂತ ಕೇಳಿದರು. ನೀವೂ ಈಗ ಅದನ್ನೇ ಕೇಳುತ್ತಿದ್ದೀರಿ, ಅಲ್ವಾ? ಆದರೆ ಮೊದಲನೇ ಸೀಸನ್‌ನಲ್ಲೇ ಇದಕ್ಕೆ ಸೂಚನೆ ಇತ್ತು. ಹಾಕ್‌ಐನ ಹಳೇ ಗೆಳೆಯ ಆಪರೇಷನ್ ಮೇಜಿನ ಮೇಲೆ ಸತ್ತಾಗ ಸಮಾಧಾನ ಹೇಳಿದವನು ಇದೇ ಹೆನ್ರಿ. ಯುದ್ಧದ ಮೊದಲ ನಿಯಮ, ಹುಡುಗರು ಸಾಯುತ್ತಾರೆ. ಎರಡನೇ ನಿಯಮ, ಮೊದಲನೆಯದನ್ನು ಬದಲಿಸೋದು ಡಾಕ್ಟರುಗಳ ಕೈಲಾಗೋದಿಲ್ಲ. ಹೆಚ್ಚುಕಮ್ಮಿ ಹೀಗೆ ಹೇಳುತ್ತಾನೆ. ಆವತ್ತಿನವರೆಗೆ ಅವನು ಮೀನಿನ ಗಾಳ ಸಿಕ್ಕಿಸಿದ ಟೋಪಿಯ ಎಡವಟ್ಟು ಕರ್ನಲ್ ಅಷ್ಟೇ ಆಗಿದ್ದ.

ಸ್ಟೀವನ್ಸನ್ ಅವರ ಮುಂದಿನ ಸೀರಿಯಲ್‌ಗಳು ಒಂದೂ ನಿಲ್ಲಲಿಲ್ಲ. ಜನ ಪ್ರೀತಿಸಿದ್ದು ತಮ್ಮನ್ನಲ್ಲ, ಹೆನ್ರಿ ಬ್ಲೇಕ್‌ನನ್ನು ಅಂತ ಅವರೇ ಆಮೇಲೆ ಹೇಳಿಕೊಂಡರು.

ಟ್ರ್ಯಾಪರ್ ಹೋಗಿದ್ದು ಬೇರೆ ಥರ. ಕಾದಂಬರಿಯಲ್ಲಿ, ಸಿನಿಮಾದಲ್ಲಿ ಅವನು ಹಾಕ್‌ಐಗೆ ಸರಿಸಮ. ಟೀವಿಯಲ್ಲಿ ಅಲನ್ ಆಲ್ಡಾ ಅವರ ಹಾಕ್‌ಐ ಬೆಳೀತಾ ಬೆಳೀತಾ ಟ್ರ್ಯಾಪರ್ ಬಾಲಂಗೋಚಿ ಆಗಿಬಿಟ್ಟ. ವೇಯ್ನ್ ರೋಜರ್ಸ್ ಅವರಿಗೆ ಬೇಸರವಾಗಿದ್ದರೆ ಆಶ್ಚರ್ಯವಿಲ್ಲ. ಸ್ಟುಡಿಯೋ ಕೋರ್ಟಿಗೆ ಹೋಯಿತು, ಆದರೆ ನೋಡಿದರೆ ಅವರು ಕರಾರಿಗೆ ಸಹಿಯನ್ನೇ ಹಾಕಿರಲಿಲ್ಲ! ಅವರು ಬಿಟ್ಟಿದ್ದು ಮೂರನೇ ಸೀಸನ್ ಮುಗಿದ ಮೇಲೆ. ಹಾಗಾಗಿ ಬೀಳ್ಕೊಡುಗೆ ದೃಶ್ಯ ತೆಗೆಯೋಕೆ ಅವಕಾಶವೇ ಸಿಗಲಿಲ್ಲ. ನೀವು ನೋಡಿದಿರಲ್ಲ, ಹಾಕ್‌ಐ ರಜೆ ಮುಗಿಸಿ ಟೋಕಿಯೋದಿಂದ ಬರುವಷ್ಟರಲ್ಲಿ ಗೆಳೆಯ ಊರಿಗೆ ಹೋಗಿ ಆಗಿದೆ. ಒಂದು ಚೀಟಿ ಕೂಡ ಇಟ್ಟಿಲ್ಲ. ರೇಡಾರ್ ಕೆನ್ನೆಗೆ ಕೊಟ್ಟ ಒಂದು ಮುತ್ತು, ಅದನ್ನು ಹಾಕ್‌ಐಗೆ ತಲುಪಿಸು ಅಂತ. ಸೈನ್ಯದಲ್ಲಿ ನಿಜವಾಗಿ ಆಗೋದೂ ಹೀಗೇ ಅನ್ನಿಸುತ್ತದೆ. ನನಗಂತೂ ಹೆನ್ರಿ ಸಾವಿಗಿಂತ ಇದು ಜಾಸ್ತಿ ಚುಚ್ಚುತ್ತದೆ.

ಬದಲಿಗೆ ಬಂದವನು ಬಿ.ಜೆ. ಹನಿಕಟ್, ಪಾತ್ರಧಾರಿ ಮೈಕ್ ಫ್ಯಾರೆಲ್. ಟ್ರ್ಯಾಪರ್ ಮದುವೆಯಾಗಿದ್ದರೂ ನರ್ಸ್‌ಗಳ ಹಿಂದೆ ಬೀಳುತ್ತಿದ್ದ. ಬಿ.ಜೆ. ಹೆಂಡತಿ ಪೆಗ್, ಮಗಳು ಎರಿನ್ ಅಂತ ಜೀವ ಬಿಡುವವನು. ಅವನು ಬಂದ ಮೊದಲ ಕಂತನ್ನೇ ತಗೊಳ್ಳಿ. ಕಿಂಪೋ ವಿಮಾನ ನಿಲ್ದಾಣದಿಂದ ಕ್ಯಾಂಪಿಗೆ ಜೀಪಿನಲ್ಲಿ ಬರುತ್ತಾನೆ. ಇಸ್ತ್ರಿ ಮಾಡಿದ ಸಮವಸ್ತ್ರ, ಸಭ್ಯ ಮಾತು. ದಾರಿಯಲ್ಲಿ ಗುಂಡು, ಗಾಯಾಳುಗಳು. ರಸ್ತೆ ಪಕ್ಕಕ್ಕೆ ಹೋಗಿ ವಾಂತಿ ಮಾಡಿಕೊಳ್ಳುತ್ತಾನೆ. ಕ್ಯಾಂಪ್ ಮುಟ್ಟುವಷ್ಟರಲ್ಲಿ ಸಮವಸ್ತ್ರ ಕೊಳೆ, ಗಂಟಲ ಮಟ್ಟ ಕುಡಿದಾಗಿದೆ. ಮೇಲಧಿಕಾರಿ ಫ್ರ್ಯಾಂಕ್‌ನನ್ನು ನೋಡಿದ ಮೊದಲ ಕ್ಷಣವೇ ಅವನ ಅಡ್ಡಹೆಸರು ಹಿಡಿದು ಕೂಗುತ್ತಾನೆ. ಒಬ್ಬ ಮರ್ಯಾದಸ್ತ ಡಾಕ್ಟರನನ್ನು ಯುದ್ಧ ಒಂದೇ ದಿನದಲ್ಲಿ ಏನು ಮಾಡುತ್ತದೆ ಅಂತ ಒಂದು ಕಂತಿನಲ್ಲಿ ತೋರಿಸಿಬಿಟ್ಟರು. ಮೊದಲಿಂದಲೂ ಅಲ್ಲೇ ಇದ್ದ ಟ್ರ್ಯಾಪರ್‌ನನ್ನು ಇಟ್ಟುಕೊಂಡು ಇದನ್ನು ಬರೆಯೋದು ಸಾಧ್ಯವಿರಲಿಲ್ಲ.

ಕರ್ನಲ್ ಶರ್ಮನ್ ಪಾಟರ್ ಕೂಡ ಹಾಗೇ. ಹೆನ್ರಿ ಸರ್ಕಾರ ಕರೆದಿದ್ದಕ್ಕೆ ಸೈನ್ಯಕ್ಕೆ ಬಂದವನು, ಆಜ್ಞೆ ಕೊಡೋಕೆ ಬಾರದು. ಪಾಟರ್ ಜೀವಮಾನವೆಲ್ಲ ಸೈನ್ಯದಲ್ಲೇ ಕಳೆದವನು, ಮೊದಲ ಮಹಾಯುದ್ಧ ಕಂಡವನು, ಕುದುರೆ ಪಡೆಯಿಂದ ಬಂದವನು. ಇವನು ಇನ್ನೊಬ್ಬ ಫ್ರ್ಯಾಂಕ್ ಆಗುತ್ತಾನೆ ಅಂತ ಕ್ಯಾಂಪಿನವರ ಜೊತೆ ನಾವೂ ಹೆದರುತ್ತೇವೆ. ಆದರೆ ಕೆಲಸ ಗೊತ್ತಿರುವ ಮನುಷ್ಯ ಮೇಲಿದ್ದಾಗ ಹಾಕ್‌ಐನ ತಲೆಹರಟೆಗೂ ಒಂದು ಮಿತಿ ಸಿಗುತ್ತದೆ. ಹೆನ್ರಿ ಇದ್ದಾಗ ಎಲ್ಲರೂ ಅವನನ್ನು ಕಾಪಾಡಬೇಕಿತ್ತು, ಪಾಟರ್ ಬಂದ ಮೇಲೆ ಅವರನ್ನೇ ಕಾಪಾಡೋಕೆ ಒಬ್ಬ ಹಿರಿಯ ಸಿಕ್ಕಿದ. ಪಾತ್ರ ಮಾಡಿದ ಹ್ಯಾರಿ ಮೋರ್ಗನ್ ಅವರನ್ನು ನೀವು ಆಗಲೇ ನೋಡಿದ್ದೀರಿ. ಮೂರನೇ ಸೀಸನ್‌ನ ಮೊದಲ ಕಂತಿನಲ್ಲಿ ತಲೆಕೆಟ್ಟ ಜನರಲ್ ಸ್ಟೀಲ್ ಬರುತ್ತಾನಲ್ಲ, ಅದು ಅವರೇ. ಅದೇ ಮುಖ ಒಂದು ವರ್ಷದಲ್ಲಿ ಕ್ಯಾಂಪಿನ ಯಜಮಾನನಾಗಿ ವಾಪಸ್ ಬಂದರೂ ಯಾರೂ ತಕರಾರು ಮಾಡಲಿಲ್ಲ ಅನ್ನೋದೇ ಅವರ ನಟನೆಗೆ ಸರ್ಟಿಫಿಕೇಟ್.

ಐದನೇ ಸೀಸನ್ ಮುಗಿದ ಮೇಲೆ ಫ್ರ್ಯಾಂಕ್ ಹೋಗುತ್ತಾನೆ. ಲ್ಯಾರಿ ಲಿನ್‌ವಿಲ್ ಅವರಿಗೆ ಆ ಪಾತ್ರದಲ್ಲಿ ಇನ್ನೇನೂ ಉಳಿದಿಲ್ಲ ಅನ್ನಿಸಿತ್ತು, ನಿಜವೇ. ಅವನ ಪ್ರೇಯಸಿಯಾಗಿದ್ದ ಹೆಡ್ ನರ್ಸ್ ಮಾರ್ಗರೆಟ್‌ಗೆ ಬೇರೊಬ್ಬನ ಜೊತೆ ಮದುವೆಯಾದ ಮೇಲೆ ಫ್ರ್ಯಾಂಕ್‌ನ ಜೊತೆ ನಿಲ್ಲೋಕೂ ಯಾರೂ ಇಲ್ಲ. ಅವನು ಸಿಯೋಲ್‌ನಲ್ಲಿ ತಲೆಕೆಟ್ಟು ರಂಪ ಮಾಡುತ್ತಾನೆ, ಶಿಕ್ಷೆ ಆಗುತ್ತದೆ ಅಂತ ಎಲ್ಲರೂ ಕಾಯುತ್ತಾರೆ. ಸೈನ್ಯ ಅವನಿಗೆ ಬಡ್ತಿ ಕೊಟ್ಟು ಅವನ ತವರು ಇಂಡಿಯಾನಾದ ಆಸ್ಪತ್ರೆಗೇ ಹಾಕುತ್ತದೆ! ಒಳ್ಳೆಯವನು ಹೆನ್ರಿ ಸಮುದ್ರಕ್ಕೆ ಬಿದ್ದ, ಇವನು ಮನೆ ಸೇರಿದ. ಸರ್ಕಾರಿ ಕಚೇರಿ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅವನ ಜಾಗಕ್ಕೆ ಬರುತ್ತಾನೆ ನೋಡಿ ಚಾರ್ಲ್ಸ್ ಎಮರ್ಸನ್ ವಿಂಚೆಸ್ಟರ್. ಡೇವಿಡ್ ಆಗ್ಡನ್ ಸ್ಟಿಯರ್ಸ್ ಅವರು ಮಾಡಿದ ಪಾತ್ರ. ಅಳಿಯಂದಿರು "ಇನ್ನುಮುಂದೆ" ಅಂದಿದ್ದು ಬಹುಶಃ ಇವನನ್ನು ನೆನೆಸಿಕೊಂಡೇ. ಬಾಸ್ಟನ್‌ನ ಆಗರ್ಭ ಶ್ರೀಮಂತ, ಮಹಾ ಜಂಭ, ಯಾವಾಗಲೂ ಗ್ರಾಮಫೋನಿನಲ್ಲಿ ಶಾಸ್ತ್ರೀಯ ಸಂಗೀತ. ಫ್ರ್ಯಾಂಕ್ ಕೆಟ್ಟ ಸರ್ಜನ್, ಅವನನ್ನು ಗೇಲಿ ಮಾಡೋದು ಸುಲಭವಿತ್ತು. ವಿಂಚೆಸ್ಟರ್ ಕೆಲವು ವಿಷಯಗಳಲ್ಲಿ ಹಾಕ್‌ಐಗಿಂತ ಒಂದು ಕೈ ಮೇಲು. ಅವನು ಕೊಂಕು ಮಾತಿಗೆ ಕೊಂಕೇ ವಾಪಸ್ ಕೊಡುತ್ತಾನೆ. ಆರನೇ ಸೀಸನ್‌ನಿಂದ ಆ ಡೇರೆಯಲ್ಲಿ ಜಗಳ ಸರಿಸಮರ ನಡುವೆ ನಡೆಯುತ್ತದೆ.

ಒಂಬತ್ತನೇ ಸೀಸನ್‌ನಲ್ಲಿ ಒಂದು ಕ್ರಿಸ್‌ಮಸ್ ಕಂತಿದೆ, 1980ರದು. ನಿರ್ದೇಶನ ಬಿ.ಜೆ. ಪಾತ್ರಧಾರಿ ಮೈಕ್ ಫ್ಯಾರೆಲ್ ಅವರದೇ. ಅನಾಥ ಮಕ್ಕಳ ಪಾರ್ಟಿಗೆ ಎಲ್ಲರೂ ಮನೆಯಿಂದ ಬಂದ ತಿಂಡಿ ಕೊಡುತ್ತಾರೆ. ವಿಂಚೆಸ್ಟರ್ ಮಾತ್ರ ಒಂದು ಡಬ್ಬಿ ಕೊಟ್ಟು ಕೈ ತೊಳೆದುಕೊಳ್ಳುತ್ತಾನೆ. ಎಲ್ಲರೂ ಜಿಪುಣ ಅಂತ ಆಡಿಕೊಳ್ಳುತ್ತಾರೆ. ರಾತ್ರಿ ಅವನು ಕದ್ದು ಅನಾಥಾಲಯಕ್ಕೆ ಹೋಗಿ ದುಬಾರಿ ಚಾಕೊಲೇಟ್ ಕೊಟ್ಟುಬರುತ್ತಾನೆ. ಕೊಟ್ಟಿದ್ದು ಯಾರಿಗೂ ಗೊತ್ತಾಗಬಾರದು, ಅದು ಅವನ ಮನೆತನದ ಪದ್ಧತಿ. ಮಾರನೇ ದಿನ ಅದೇ ಚಾಕೊಲೇಟ್ ಕ್ಯಾಂಪಿನಲ್ಲಿ ಬ್ಲ್ಯಾಕ್ ಮಾರ್ಕೆಟ್ ಮಾಲಾಗಿ ಓಡಾಡುತ್ತಿದೆ. ಸಿಟ್ಟಿನಿಂದ ಅನಾಥಾಲಯದವನ ಮೇಲೆ ಹಾರಿಬೀಳುತ್ತಾನೆ. ಆತ ಶಾಂತವಾಗಿ ಹೇಳುತ್ತಾನೆ: ಹೌದು ಮಾರಿದೆ, ಆ ದುಡ್ಡಿಗೆ ಮಕ್ಕಳಿಗೆ ಒಂದು ತಿಂಗಳಿಗಾಗುವಷ್ಟು ಅಕ್ಕಿ, ಎಲೆಕೋಸು ಬಂತು. ವಿಂಚೆಸ್ಟರ್ ತಲೆ ತಗ್ಗಿಸುತ್ತಾನೆ. ಊಟವೇ ಇಲ್ಲದ ಮಗುವಿಗೆ ಸಿಹಿ ಕೊಡೋಕೆ ಹೋದೆನಲ್ಲ ಅಂತ ತಾನೇ ಕ್ಷಮೆ ಕೇಳುತ್ತಾನೆ. ಇದನ್ನು ಕದ್ದು ಕೇಳಿಸಿಕೊಂಡ ಸಿಪಾಯಿ ಮ್ಯಾಕ್ಸ್ ಕ್ಲಿಂಗರ್, ಡೇರೆಯಲ್ಲಿ ಒಬ್ಬನೇ ಕೂತವನಿಗೆ ಪಾರ್ಟಿಯಲ್ಲಿ ಮಿಕ್ಕ ಊಟ ತಂದಿಡುತ್ತಾನೆ. ಕೊಟ್ಟವರ ಹೆಸರು ಕೇಳಬಾರದು, ಅದು ನಮ್ಮ ಮನೆತನದ ಪದ್ಧತಿ ಅನ್ನುತ್ತಾನೆ. ಆವತ್ತು ಒಂದು ಸಲ, ಅಧಿಕಾರಿ ಸಿಪಾಯಿ ಅನ್ನೋದು ಬಿಟ್ಟು, ಮ್ಯಾಕ್ಸ್, ಚಾರ್ಲ್ಸ್ ಅಂತ ಕರೆದುಕೊಳ್ಳುತ್ತಾರೆ. ಮೊದಲ ಮೂರು ಸೀಸನ್‌ಗಳಲ್ಲಿ ಇಂಥ ಕಥೆ ಹುಟ್ಟೋದು ಕಷ್ಟವಿತ್ತು. ಆಗ ಕ್ಲಿಂಗರ್ ಅಂದ್ರೆ ಸೈನ್ಯದಿಂದ ಬಿಡಿಸಿಕೊಳ್ಳೋಕೆ ಲಂಗ ಹಾಕಿಕೊಂಡು ಓಡಾಡುವ ಜೋಕು, ಅಷ್ಟೇ.

ಕ್ಲಿಂಗರ್ ಪಾತ್ರಧಾರಿ ಜೇಮಿ ಫಾರ್ ಅವರನ್ನು ಕರೆದಿದ್ದು ಒಂದು ಸಣ್ಣ ತಮಾಷೆಗೆ. ಹನ್ನೊಂದು ಸೀಸನ್ ಉಳಿದುಬಿಟ್ಟರು. ಎಂಟನೇ ಸೀಸನ್‌ನಲ್ಲಿ, 1979ರಲ್ಲಿ, ರೇಡಾರ್ ಊರಿಗೆ ಹೋದ ಮೇಲೆ ಅವನ ಗುಮಾಸ್ತಿಕೆ ಕ್ಲಿಂಗರ್ ಪಾಲಿಗೆ ಬರುತ್ತದೆ. ಸಿನಿಮಾದಲ್ಲೂ ಸೀರಿಯಲ್‌ನಲ್ಲೂ ಮುಖ್ಯ ಪಾತ್ರವಾಗಿ ಉಳಿದುಕೊಂಡ ಒಬ್ಬರೇ ನಟ ರೇಡಾರ್ ಪಾತ್ರದ ಗ್ಯಾರಿ ಬರ್ಗಾಫ್. ಅವನ ಬೀಳ್ಕೊಡುಗೆ ಪಾರ್ಟಿ ನಡೆಯೋದೇ ಇಲ್ಲ, ಗಾಯಾಳುಗಳು ಬಂದುಬಿಡುತ್ತಾರೆ. ಆಪರೇಷನ್ ಡೇರೆಯ ಬಾಗಿಲಲ್ಲಿ ನಿಂತವನಿಗೆ ಹಾಕ್‌ಐ ಕೆಲಸದ ಮಧ್ಯೆ ಒಂದು ಸೆಲ್ಯೂಟ್ ಹೊಡೆಯುತ್ತಾನೆ. ಸೆಲ್ಯೂಟ್ ಅಂದ್ರೆ ಅಲರ್ಜಿ ಇದ್ದ ಮನುಷ್ಯ ಅವನು. ಆ ಕಂತಿಗೆ ಕರವಸ್ತ್ರ ಇಟ್ಟುಕೊಂಡು ಕೂತುಕೊಳ್ಳಿ. ಕೊನೆಯ ದೃಶ್ಯ ಏನು ಅಂತ ನಾನು ಹೇಳೋದಿಲ್ಲ.

ನಟಿ ಬದಲಾಗದೆ ಪಾತ್ರವೇ ಬದಲಾಗಿದ್ದು ಒಂದಿದೆ, ಮಾರ್ಗರೆಟ್. ಮೊದಲ ಕಂತಿನಿಂದ ಕೊನೆಯ ಕಂತಿನವರೆಗೆ ಇದ್ದ ಮುಖ್ಯ ಪಾತ್ರಧಾರಿಗಳು ಇಬ್ಬರೇ, ಆಲ್ಡಾ ಮತ್ತು ಲೊರೆಟ್ಟಾ ಸ್ವಿಟ್. ನೀವು ನೋಡಿದ ಮೂರು ಸೀಸನ್‌ಗಳಲ್ಲಿ ಅವಳು ಗಂಡಸರ ಚೇಷ್ಟೆಗೆ ಆಹಾರ. ಇವತ್ತು ಅವು ಕಣ್ಣಿಗೆ ಕುಕ್ಕುತ್ತವೆ, ಮುಚ್ಚುಮರೆ ಯಾಕೆ. ಐದನೇ ಸೀಸನ್‌ನಲ್ಲಿ ನರ್ಸ್‌ಗಳ ಬಗ್ಗೆಯೇ ಒಂದು ಕಂತಿದೆ. ತನ್ನ ಕೈಕೆಳಗಿನವರ ಎದುರು ಮಾರ್ಗರೆಟ್ ಸಿಡಿದು ಕೇಳುತ್ತಾಳೆ: ಒಂದು ಸಲವಾದರೂ, ಬಾ ಒಂದು ಕಪ್ ಕಾಫಿ ಕುಡಿ ಅಂತ ನನ್ನನ್ನು ಕರೆದಿದ್ದೀರಾ? ಆ ಒಂದು ಮಾತಿನಲ್ಲಿ ಅವಳ ಐದು ವರ್ಷದ ಒಂಟಿತನ ಹೊರಬೀಳುತ್ತದೆ. ಆಮೇಲೆ ಅವಳನ್ನು ಹಳೇ ಅಡ್ಡಹೆಸರಲ್ಲಿ ಕರೆಯೋದೂ ಕಮ್ಮಿಯಾಗುತ್ತದೆ. ಸ್ವಿಟ್ ಅವರಿಗೆ ಅಮೆರಿಕದ ಟೀವಿ ಪ್ರಶಸ್ತಿಯಾದ ಎಮ್ಮಿ ಎರಡು ಸಲ ಬಂದಿದ್ದು ಈ ಮಾರ್ಗರೆಟ್‌ಗೆ.

ಈಗ ಮಗಳ ಮಾತಿಗೆ ಬರೋಣ. ನಾಲ್ಕನೇ ಸೀಸನ್ ಮುಗಿಸಿ 1976ರಲ್ಲಿ ಗೆಲ್‌ಬಾರ್ಟ್ ಬಿಟ್ಟರು. ಐದರ ನಂತರ ರೆನಾಲ್ಡ್ಸ್ ಕೂಡ ಹೋದರು. ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಪಾತ್ರ ಬದಲಾವಣೆ ಇದೇ. ಗೆಲ್‌ಬಾರ್ಟ್ ಬರೆದ ಮಾತಿನ ವೇಗ ಮತ್ತೆ ಬರಲಿಲ್ಲ. ಅವರ ಹಾಕ್‌ಐ ಸಂಕಟವನ್ನು ಜೋಕಿನ ಕೆಳಗೆ ಮುಚ್ಚಿಡುತ್ತಿದ್ದ, ನಾವು ಅದನ್ನು ಹುಡುಕಿಕೊಳ್ಳುತ್ತಿದ್ದೆವು. ಮುಂದೆ ನಿರ್ಮಾಪಕ ಬರ್ಟ್ ಮೆಟ್‌ಕಾಫ್ ಅವರ ಉಸ್ತುವಾರಿಯಲ್ಲಿ, ಆಲ್ಡಾ ಅವರ ಕೈಯೂ ಜಾಸ್ತಿಯಾದ ಮೇಲೆ, ಹಾಕ್‌ಐ ತನ್ನ ಸಂಕಟವನ್ನು ತಾನೇ ಬಾಯಿಬಿಟ್ಟು ಹೇಳೋಕೆ ಶುರುಮಾಡಿದ. ಹತ್ತನೇ ಸೀಸನ್ ಹೊತ್ತಿಗೆ ಎಲ್ಲರೂ ಒಳ್ಳೆಯವರೇ, ಪ್ರತಿ ಕಂತಿನ ಕೊನೆಗೆ ಯಾರೋ ಒಬ್ಬರು ಏನೋ ಕಲಿಯುತ್ತಾರೆ. ಮಗಳಿಗೆ ಬೇಜಾರಾಗಿದ್ದರೆ ತಪ್ಪಿಲ್ಲ. ಹಾಗಂತ ಆಲ್ಡಾ ಅವರನ್ನು ಸುಮ್ನೆ ದೂರಬೇಡಿ. ನಟನೆ, ಬರವಣಿಗೆ, ನಿರ್ದೇಶನ ಮೂರಕ್ಕೂ ಇದೇ ಸೀರಿಯಲ್‌ಗೆ ಎಮ್ಮಿ ಗೆದ್ದವರು ಅವರು. ಹೊಸ ಪ್ರಯೋಗಗಳೂ ಆಗ ನಡೆದವು. ಏಳನೇ ಸೀಸನ್‌ನ ಒಂದು ಕಂತನ್ನು ಗಾಯಾಳುವಿನ ಕಣ್ಣಿನಿಂದಲೇ ತೋರಿಸಿದ್ದಾರೆ, ಡಾಕ್ಟರುಗಳು ನಮ್ಮ ಮೇಲೇ ಬಗ್ಗಿ ಮಾತಾಡುತ್ತಾರೆ. ಎಂಟರಲ್ಲಿ ಒಂದು ಕಂತಿನ ಉದ್ದಕ್ಕೂ ಮೂಲೆಯಲ್ಲಿ ಗಡಿಯಾರ ಓಡುತ್ತದೆ, ಅಷ್ಟರೊಳಗೆ ಒಂದು ಜೀವ ಉಳಿಸಬೇಕು.

ಮೂರು ವರ್ಷದ ಯುದ್ಧವನ್ನು ಹನ್ನೊಂದು ಸೀಸನ್ ಎಳೆದಾಗ ಆಗುವ ಎಡವಟ್ಟುಗಳನ್ನು ಹುಡುಕೋದು ಇನ್ನೊಂದು ಮಜಾ. ಪಾಟರ್ ಕ್ಯಾಂಪಿಗೆ ಬರೋದು 1952ರ ಸೆಪ್ಟೆಂಬರ್‌ನಲ್ಲಿ ಅಂತ ನಾಲ್ಕನೇ ಸೀಸನ್ ಹೇಳುತ್ತದೆ. ಒಂಬತ್ತರಲ್ಲಿ ಅದೇ ಪಾಟರ್ 1951ರ ಹೊಸ ವರ್ಷ ಅಲ್ಲೇ ಆಚರಿಸುತ್ತಾನೆ! ಹಾಕ್‌ಐ ತಲೆಗೂದಲು ಕಣ್ಣೆದುರೇ ಬೆಳ್ಳಗಾಗುತ್ತದೆ. ಮೊದಲು ಅವನಿಗೆ ಅಮ್ಮ, ತಂಗಿ ಇದ್ದರು, ಆಮೇಲೆ ಅಪ್ಪ ಮಾತ್ರ. ನಿಮ್ಮ ಯಜಮಾನರಿಗೆ ಒಂದು ನೋಟ್‌ಬುಕ್ ಕೊಡಿ, ಚಳಿಗಾಲ ಕಳೆಯುತ್ತದೆ.

ಹಾಗಾದರೆ ಹೇಗೆ ನೋಡೋದು? ನಾಲ್ಕು, ಐದು ಒಂದೂ ಬಿಡದೆ. ನಾಲ್ಕರ ಕೊನೆಯ ಕಂತನ್ನು 1976ರಲ್ಲೂ ಬೇಕಂತಲೇ ಕಪ್ಪುಬಿಳುಪಿನಲ್ಲಿ ತೆಗೆದಿದ್ದಾರೆ. ಕ್ಲೀಟ್ ರಾಬರ್ಟ್ಸ್ ಅನ್ನೋ ನಿಜವಾದ ಪತ್ರಕರ್ತರೇ ಬಂದು ಒಬ್ಬೊಬ್ಬರನ್ನು ಸಂದರ್ಶನ ಮಾಡುತ್ತಾರೆ. ಗೆಲ್‌ಬಾರ್ಟ್ ಅವರು ಬಿಡುವ ಮುಂಚಿನ ಕೊನೆಯ ಕೆಲಸ ಅದು, ಟೀವಿ ಪಕ್ಕಕ್ಕೆ ಫೋನ್ ಇಟ್ಟುಕೊಳ್ಳದೆ ನೋಡಿ. ಆರು, ಏಳು, ಎಂಟು ಆರಾಮಾಗಿ ನೋಡಬಹುದು. ಅಲ್ಲಿಂದ ಮುಂದೆ ಬೇಕಾದ್ದನ್ನು ಆರಿಸಿಕೊಳ್ಳಿ. ಎಂಟರಲ್ಲಿ ಪಾಟರ್ ತನ್ನ ಹಳೇ ಯುದ್ಧದ ಗೆಳೆಯರಲ್ಲಿ ಕೊನೆಯವನಾಗಿ ಉಳಿದು ಬ್ರಾಂದಿ ಬಾಟಲಿ ಒಡೆಯುವ ಕಂತು, ಒಂಬತ್ತರಲ್ಲಿ ಮೇಲೆ ಹೇಳಿದ ಕ್ರಿಸ್‌ಮಸ್, ಹನ್ನೊಂದರಲ್ಲಿ ಕೊನೆಯದಕ್ಕೆ ಒಂದು ಕಂತು ಮುಂಚಿನದು. ಕೊನೆಯದಕ್ಕಿಂತ ಆಮೇಲೆ ಚಿತ್ರೀಕರಿಸಿದ್ದು ಅದನ್ನೇ. ಕ್ಯಾಂಪಿನವರು ಮುಂದಿನವರಿಗೆ ಅಂತ ಒಂದು ಪೆಟ್ಟಿಗೆ ಹೂಳುತ್ತಾರೆ. ಅದರೊಳಗೆ ಹೆನ್ರಿಯ ಮೀನಿನ ಗಾಳವೂ ರೇಡಾರ್‌ನ ಟೆಡ್ಡಿಯೂ ಹೋಗುತ್ತವೆ. ಹೋದವರನ್ನು ಎಂಟು ವರ್ಷ ಆದರೂ ಮರೆಯದ ಸೀರಿಯಲ್ ನಾನು ಬೇರೆ ಕಂಡಿಲ್ಲ.

ಕೊನೆಯ ಕಂತು 1983ರ ಫೆಬ್ರವರಿ 28ರದು, ಜಾಹೀರಾತು ಸೇರಿ ಎರಡೂವರೆ ಗಂಟೆ. ಅಮೆರಿಕದಲ್ಲಿ ಸುಮಾರು 10.6 ಕೋಟಿ ಜನ ನೋಡಿದರು. ಆ ದಾಖಲೆ ಮುರಿಯೋಕೆ 2010ರ ಸೂಪರ್ ಬೌಲ್, ಅಂದ್ರೆ ಅಮೆರಿಕನ್ ಫುಟ್‌ಬಾಲ್ ಫೈನಲ್, ಬರಬೇಕಾಯಿತು. ಅದರಲ್ಲಿ ಕಾಣುವ ಕಾಡ್ಗಿಚ್ಚು ನಿಜವಾದದ್ದು. 1982ರ ಅಕ್ಟೋಬರ್‌ನಲ್ಲಿ ಮಾಲಿಬು ಬೆಟ್ಟದ ಬೆಂಕಿ ಅವರ ಸೆಟ್ಟನ್ನೇ ಸುಟ್ಟಿತು, ಕಥೆಯೊಳಗೆ ಅದನ್ನೂ ಸೇರಿಸಿಕೊಂಡರು. ಒಂದು ಎಚ್ಚರಿಕೆ: ಅದರಲ್ಲಿ ಹಾಕ್‌ಐಗೆ ಬಸ್ಸಿನ ಒಂದು ನೆನಪು ಕಾಡುತ್ತದೆ, ಮೊಮ್ಮಕ್ಕಳು ಪಕ್ಕದಲ್ಲಿ ಇರುವಾಗ ಹಾಕಬೇಡಿ. ರಾತ್ರಿ ಮಲಗುವ ಮುಂಚೆಯೂ ಬೇಡ.

ಅದೂ ಮುಗಿದ ಮೇಲೆ ಅಳಿಯಂದಿರು 'ಆಫ್ಟರ್‌ಮ್ಯಾಶ್' ಅಂತ ಇನ್ನೊಂದು ಹುಡುಕಿಕೊಟ್ಟಾರು. ಯುದ್ಧ ಮುಗಿದ ಮೇಲೆ ಪಾಟರ್, ಕ್ಲಿಂಗರ್, ಪಾದ್ರಿ ಮಲ್ಕೇಹಿ ಮೂವರೂ ಒಂದೇ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರುವ ಕಥೆ. 1983ರಲ್ಲಿ ಶುರುವಾಗಿ ಎರಡೇ ಸೀಸನ್‌ಗೆ ಕಣ್ಣುಮುಚ್ಚಿತು. ಅದನ್ನು ನೋಡದಿದ್ದರೆ ಏನೂ ನಷ್ಟವಿಲ್ಲ.